ಸೈಕಲ್ ಕಡ್ಡಿಯ ಬಾಡೂ ನಮ್ಮ ಸೋದರತ್ತೆಯೂ

ನಮ್ಮ ಸೋದರತ್ತೆಯ ಬಾಯಲ್ಲಿ ಇದ್ದದ್ದು ಮೂರೇ ಮೂರು ಹಲ್ಲು. ಮೇಲೊಂದು, ಕೆಳಗೆರಡು. ಅವು ಒಂದಕ್ಕೊಂದು ಎದುರಾಗುತ್ತಲೂ ಇರಲಿಲ್ಲ. ಜಗಳವಾಡಿಕೊಂಡ ವಾರಗಿತ್ತಿಯರ ಹಾಗೆ ಮುಖ ತಿರುಗಿಸಿಕೊಂಡು ನಿಂತಿದ್ದವು. ಆದರೂ ಹೇಳುತ್ತೇನೆ ಕೇಳಿ: ಯುದ್ಧದ ಆ ವರ್ಷಗಳಲ್ಲಿ ಮುಳಬಾಗಿಲಿನಲ್ಲಿ ಅವಳು ಆ ಮೂರು ಹಲ್ಲಿನಿಂದ ತಿಂದಷ್ಟು ಬಾಡನ್ನು ಮೂವತ್ತೆರಡು ಹಲ್ಲಿನ ಗಂಡಸರು ಯಾರೂ ತಿಂದಿಲ್ಲ. ಉತ್ಪ್ರೇಕ್ಷೆ ಅನ್ನಿಸಿತೇ? ಅನ್ನಿಸಲಿ. ಅವಳನ್ನು ಕಣ್ಣಾರೆ ಕಂಡವರು ಈಗ ಹೆಚ್ಚು ಜನ ಉಳಿದಿಲ್ಲ. ನನ್ನನ್ನು ಸುಳ್ಳುಗಾರ ಎನ್ನುವುದಕ್ಕೆ ನಿಮಗೆ ಸಾಕ್ಷಿಗಳೇ ಸಿಗುವುದಿಲ್ಲ!

ಅವಳು ನಮ್ಮಪ್ಪನ ಅಕ್ಕ. ಕೊಟ್ಟದ್ದು ಬೈರಕೂರಿಗೆ. ಅವಳ ಮಾತಿಗೊಂದು ಕಟ್ಟುಪಾಡಿತ್ತು: ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ನಮ್ಮ ಕಡೆ ಎರಡೂ ಭಾಷೆ ಎಲ್ಲರಿಗೂ ಬರುತ್ತವೆ, ಎರಡನ್ನೂ ಕಲಸಿಯೇ ಉಣ್ಣುತ್ತೇವೆ. ಆದರೆ ಹೀಗೆ ಬೇರೆ ಬೇರೆ ಮಡಕೆಯಲ್ಲಿ ಮುಚ್ಚಿಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ. ಅವಳ ಗಂಡ, ಪಾಪ, ನಲವತ್ತು ವರ್ಷ ಅವಳೊಂದಿಗೆ ಸಂಸಾರ ಮಾಡಿ ಕೊನೆಗೆ ಕನ್ನಡವನ್ನೇ ಮರೆತುಬಿಟ್ಟ ಎಂದು ಊರಿನಲ್ಲಿ ಆಡಿಕೊಂಡು ನಗುತ್ತಿದ್ದರು.

ಸತ್ತವರ ಮನೆಯ ತಿಥಿಗೆ ಹೋದರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಎಲೆಯ ಮುಂದೆ ಕುಳಿತು, ಬಾಡಿನ ಸಾರನ್ನು ಬೆರಳಿನಲ್ಲಿ ಚೀಪಿ, ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಡುತ್ತಿದ್ದಳು: "ಸತ್ತೋನು ಒಳ್ಳೇನೇ. ಸಾರಿಗೆ ಮಾತ್ರ ಖಾರ ಸಾಲ್ದು."

ಅಂಥವಳ ಮನೆಗೇ ಸಾವು ಬಂತು. ಆ ವರ್ಷ ಬೈರಕೂರಿನಲ್ಲಿ ಇಲಿಗಳು ಬಿದ್ದವು. ಮನೆಯ ಜಂತೆಯಿಂದ ಇಲಿ ಉದುರಿತೆಂದರೆ ಪ್ಲೇಗು ಬಂತೆಂದು ಅರ್ಥ; ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಾವಿನ ತೋಪುಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಆದರೆ ರೋಗವೂ ಜನರ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಹೊರಟಿತ್ತು. ತೋಪು ಸೇರಿದ ಒಂದೇ ವಾರದಲ್ಲಿ ಅತ್ತೆಯ ಗಂಡ ಹೋದ. ಅವನು ಹೋಗಿ ನಾಲ್ಕು ದಿನಕ್ಕೆ, ತವರಿಗೆಂದು ಬಂದಿದ್ದ ಒಬ್ಬಳೇ ಮಗಳು ಹೋದಳು.

ಆಗ ನಾನು ಮುಳಬಾಗಿಲಿನ ಸ್ಕೂಲಿನಲ್ಲಿ ಮೇಷ್ಟ್ರು. ಮದುವೆಯಾಗಿ ಎರಡು ವರ್ಷ. ಗಾಡಿ ಕಟ್ಟಿಸಿಕೊಂಡು ಹೋಗಿ ಅತ್ತೆಯನ್ನು ನಮ್ಮ ಮನೆಗೆ ಕರೆತಂದೆ. ಅವಳು ಅಳಲಿಲ್ಲ. ಬೀದಿಯ ಹೆಂಗಸರು ಮಾತಾಡಿಸಲು ಬಂದು, "ಅತ್ತುಬಿಡಬಾರ್ದೇನಮ್ಮಾ, ಮನಸ್ಸು ಹಗುರಾಗುತ್ತೆ" ಎಂದರು.

"ಯಾರಿಗೋಸ್ಕರ ಮೊದ್ಲು ಅಳ್ಲಿ? ನೀವೇ ಹೇಳಿ" ಎಂದಳು ಅತ್ತೆ.

ಹೆಂಗಸರು ಮತ್ತೆ ಬರಲಿಲ್ಲ.

ಅವಳು ಊಟವನ್ನೂ ಬಿಟ್ಟಳು. ಏನು ಕೊಟ್ಟರೂ, "ಸುಣ್ಣ ತಿಂದಂಗೆ ಆಗುತ್ತೆ ಕಣೋ" ಎಂದು ಪಕ್ಕಕ್ಕೆ ಸರಿಸುತ್ತಿದ್ದಳು. ನನ್ನ ಹೆಂಡತಿ ಶ್ರೀನಿವಾಸಪುರದವಳು. ತಮ್ಮೂರ ಮಾವಿನ ಉಪ್ಪಿನಕಾಯಿ ಮುಂದಿಟ್ಟರೆ ಸತ್ತವರೂ ಎದ್ದು ನಾಲಿಗೆ ಚಾಚುತ್ತಾರೆ ಎಂದು ಅವಳ ತವರಿನವರ ನಂಬಿಕೆ. ಅತ್ತೆ ಬದುಕಿದ್ದೂ ಚಾಚಲಿಲ್ಲ! ಎರಡು ತಿಂಗಳಿಗೆ ಅವಳ ರವಿಕೆಯೊಳಗೆ ಇನ್ನೊಬ್ಬಳು ಅತ್ತೆ ಹಿಡಿಸುವಷ್ಟು ಜಾಗವಾಯಿತು. ಆಸ್ಪತ್ರೆಯ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲ ಮೇಷ್ಟ್ರೇ. ಕುರಿ ಲಿವರ್, ಈಲಿ ಅಂತೀರಲ್ಲ, ಅದನ್ನ ತಿನ್ನಿಸಿ" ಎಂದರು.

ಈಲಿ ಎಲ್ಲಿಂದ ತರುವುದು? ನಮ್ಮ ಸೀಮೆಯ ಕುರಿಗಳೆಲ್ಲ ಲಾರಿ ಹತ್ತಿ ಬೆಂಗಳೂರಿನ ದಂಡಿಗೆ, ಸಿಪಾಯಿಗಳ ಹೊಟ್ಟೆಗೆ ಹೋಗುತ್ತಿದ್ದವು. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಸಾಲು, ಬಟ್ಟೆಗೆ ಸಿಫಾರಸು. ಯುದ್ಧ ನಡೆಯುತ್ತಿದ್ದದ್ದು ಸಮುದ್ರದಾಚೆ. ಅದರ ಗಾಯ ಕಾಣುತ್ತಿದ್ದದ್ದು ನಮ್ಮ ತಟ್ಟೆಯಲ್ಲಿ.

ಒಂದು ಸಂತೆಯ ದಿನ ನಾನು ಸ್ಕೂಲಿನಿಂದ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಅತ್ತೆಮ್ಮ ಕಾಣ್ತಿಲ್ಲ ಕಣ್ರೀ. ಮಧ್ಯಾಹ್ನ ಹಿತ್ತಲಿಗೆ ಹೋದವರು ಬರಲೇ ಇಲ್ಲ."

ನಾನು ಛತ್ರಿ ಕೂಡ ಕೆಳಗಿಡದೆ ಹೊರಟೆ. ಎಲ್ಲಿಗೆ ಅಂತೀರಿ? ನೆಂಟರ ಮನೆಗಲ್ಲ, ಗುಡಿಗಲ್ಲ. ನೇರವಾಗಿ ಬಾವಿಗಳಿಗೆ. ಮುಳಬಾಗಿಲಿನಲ್ಲಿ ಅಷ್ಟು ಬಾವಿಗಳಿವೆ ಎಂದು ನನಗೆ ಗೊತ್ತಾದದ್ದೇ ಆ ದಿನ. ಒಂದೊಂದರ ಕಟ್ಟೆಗೂ ಹೊಟ್ಟೆಯೂರಿ ಬಗ್ಗಿ ನೋಡಿದೆ. ನೀರು ಸೇದುತ್ತಿದ್ದವರು, "ಏನ್ ಮೇಷ್ಟ್ರೇ, ಬಿಂದಿಗೆ ಬಿತ್ತಾ?" ಎಂದು ಕೇಳುತ್ತಿದ್ದರು.

"ಹೂಂ" ಎನ್ನುತ್ತಿದ್ದೆ. ಮತ್ತೇನು ಹೇಳಲಿ?

"ಹೊಸದಾ?"

"ಇಲ್ಲ, ಹಳೇದು."

ಏಳನೆಯದೋ ಎಂಟನೆಯದೋ ಬಾವಿ ಸಂತೆ ಮಾಳದ ಹಿಂದೆ ಇತ್ತು. ಅದರ ಹತ್ತಿರ ಹೋಗುತ್ತಿದ್ದಂತೆ ಮೂಗಿಗೆ ಒಂದು ವಾಸನೆ ಬಡಿಯಿತು. ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿ ಚುರ್ ಎಂದಾಗ ಏಳುತ್ತದಲ್ಲ, ಆ ವಾಸನೆ. ಹುಣಸೆಮರದ ಕೆಳಗೆ ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಒಂದು ಅಂಗಡಿ. ನೆಲದಲ್ಲಿ ಎರಡು ಮಾರುದ್ದದ ತೋಡು, ಅದರ ತುಂಬ ಕೆಂಡ. ಕೆಂಡದ ಮೇಲೆ ಸಾಲಾಗಿ ಸೈಕಲ್ ಚಕ್ರದ ಕಡ್ಡಿಗಳು, ಕಡ್ಡಿಗಳಿಗೆ ಪೋಣಿಸಿದ ಬಾಡಿನ ತುಂಡುಗಳು. ಸುತ್ತ ಗಾಡಿ ಹೊಡೆಯುವವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ನಡುವೆ, ಮುತ್ತುಗದೆಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಈಲಿಯ ತುಂಡನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳಿಸುತ್ತ ಕೂತಿದ್ದವಳು ನಮ್ಮ ಸೋದರತ್ತೆ!

ನನ್ನನ್ನೂ, ನನ್ನ ಅಂಗಿಗೆ ಮೆತ್ತಿದ್ದ ಬಾವಿಕಟ್ಟೆಯ ಪಾಚಿಯನ್ನೂ ನೋಡಿದಳು.

"ಏನ್ಲಾ, ಬಾವಿಗೆ ಬಿದ್ದೆ ಅಂದ್ಕೊಂಡ್ಯಾ?"

"ಇಲ್ಲ ಅತ್ತೆ..."

"ಬೀಳೋಕೇ ಹೊರಟಿದ್ದೆ ಕಣೋ. ಅಗೋ, ಆ ಬಾವೀಗೇ. ಇಲ್ಲಿಗೆ ಬರೋ ಹೊತ್ಗೆ ಈ ಸಾಬಿ ವಾಸನೆ ಎಬ್ಬಿಸ್ಬಿಟ್ಟ." ಬಾಯಲ್ಲಿದ್ದದ್ದನ್ನು ನುಂಗಿದಳು. "ಸಾಯೋದು ನಾಳೆ ಸಾಯಬಹ್ದು. ಇದು ಆರೋಗುತ್ತೆ."

ಗಾಡಿಯವರು ಹೋ ಎಂದು ನಕ್ಕರು. ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಇನ್ನೊಂದು ಕಡ್ಡಿಗೆ ಕೈ ಚಾಚಿದಳು.

ಅಂಗಡಿಯವನ ಹೆಸರು ಬುಡನ್ ಸಾಬಿ. ಕೋಲಾರದಿಂದ ಬಂದ ಒಂಟಿ ಜೀವ, ಹೆಂಡತಿ ಎಂದೋ ತೀರಿಹೋಗಿದ್ದಳು. ಊರಿನಲ್ಲಿ ಬಾಡು ಅಷ್ಟು ತುಟ್ಟಿಯಾಗಿದ್ದ ಕಾಲದಲ್ಲೂ ಅವನಲ್ಲಿ ಒಂದಾಣೆಗೆ ಎರಡು ಕಡ್ಡಿ. ಅದು ಹೇಗೆ ಎಂದು ಕೇಳಿದರೆ, "ಪಟಾಲಮ್ಮಿಗೆ ಪಾಸ್ ಆಗದ ಕುರಿಗಳು ನಮ್ದು ಸಾಮಿ" ಎಂದ. ದಂಡಿನ ಲಾರಿಯವರು ಬೇಡವೆಂದು ಬಿಟ್ಟುಹೋದ ಮುದಿ ಕುರಿ, ಕುಂಟ ಮೇಕೆ, ಒಕ್ಕಣ್ಣಿನ ಹೋತ, ಇವುಗಳನ್ನು ಅಗ್ಗಕ್ಕೆ ಹಿಡಿದು ತರುತ್ತಿದ್ದ. ಈಲಿ, ಗುಂಡಿಗೆ, ಕೆಚ್ಚಲು, ಒಂದನ್ನೂ ಬಿಸಾಡುತ್ತಿರಲಿಲ್ಲ. ಪರಂಗಿಕಾಯಿ ಅರೆದು ಅದರಲ್ಲಿ ಒಂದು ಜಾವ ನೆನೆಸಿಟ್ಟರೆ ಎಂಥ ಮುದಿ ಕುರಿಯೂ ಮೆತ್ತಗಾಗುತ್ತಿತ್ತು. ಹಲ್ಲಿಲ್ಲದವರಿಗೆಂದೇ ದೇವರು ಮಾಡಿಸಿಟ್ಟ ಅಂಗಡಿ!

ಅಂದಿನಿಂದ ದಿನವೂ ಸಂಜೆ ಅತ್ತೆಯ ಸವಾರಿ ಅಲ್ಲಿಗೆ. ಅವಳಿಗೆ ಒಂದು ಕಲ್ಲು ಮೀಸಲು. ಗಾಡಿಯವರು ಅದರ ಮೇಲೆ ಮರೆತೂ ಕೂರುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಅಂಗಡಿ ಯಾರದು ಎಂದು ಹೊಸಬರಿಗೆ ಗೊತ್ತಾಗುತ್ತಲೇ ಇರಲಿಲ್ಲ. "ಕೆಂಡಕ್ಕೆ ಇಷ್ಟೊಂದ್ ಬೀಸಬೇಡ್ವೋ, ಹೊರಗೆ ಇದ್ಲು, ಒಳಗೆ ಹಸಿ." "ಈರುಳ್ಳಿ ಇಷ್ಟು ತೆಳ್ಳಗೆ ಹೆಚ್ಚಿದೀಯಲ್ಲ, ಯಾರ್ ಮದ್ವೆ?" ಹೀಗೆ. ಸಾಬಿ ಅವಳನ್ನು ಬೈರಕೂರಮ್ಮ ಎಂದು ಕರೆಯುತ್ತಿದ್ದ. ತೆಲುಗಿನಲ್ಲಿ ಬೈಸಿಕೊಂಡ ದಿನ ಮಾತ್ರ ಗಡ್ಡ ತುರಿಸಿಕೊಂಡು, "ಅರೆ, ಇವತ್ತು ಬೈರಕೂರಮ್ಮ ಆಂಧ್ರಕ್ಕೆ ಹೋಗ್ಬುಟ್ರು" ಎನ್ನುತ್ತಿದ್ದ.

ನನ್ನ ಹೆಂಡತಿಗೆ ಇದು ಸರಿಹೋಗಲಿಲ್ಲ. ನೀವೇ ಹೇಳಿ, ಎರಡು ತಿಂಗಳು ಬೇಯಿಸಿ ಬಡಿಸಿ, ಕೈಕಾಲು ಹಿಡಿದು ತಿನ್ನಿ ಎಂದು ಬೇಡಿಕೊಂಡವಳು ಅವಳು. ಆ ಸಾಬಿ ಮಾಡಿದ್ದೇನು? ಗಾಳಿಗೆ ವಾಸನೆ ಬಿಟ್ಟ, ಅಷ್ಟೇ! ಒಂದು ತಿಂಗಳು ಅವಳು ಅತ್ತೆಯೊಂದಿಗೆ ಮಾತಾಡಿದ್ದು ಲೆಕ್ಕಕ್ಕಷ್ಟೇ: "ಬಂದ್ರಾ?" "ಬಂದೆ." "ಕೈ ತೊಳ್ಕೊಳ್ಳಿ."

ನನ್ನ ಪಾಡು ಬೇರೆ. ನಮ್ಮ ಹೆಡ್ಮಾಷ್ಟ್ರು ಮಠದ ಬೀದಿಯವರು, ಮಡಿವಂತರು. ಒಂದು ದಿನ ನನ್ನನ್ನು ಕೋಣೆಗೆ ಕರೆದು, "ನಿಮ್ಮ ಮನೆಯ ಹಿರಿಯರು... ಸಂತೆ ಮಾಳದ ಹತ್ತಿರ... ಆ ಧೂಮದ ಮಧ್ಯೆ..." ಎಂದು ನಿಲ್ಲಿಸಿದರು. ಮುಂದಿನ ಶಬ್ದ ಅವರ ಬಾಯಿಂದ ಬರುವಂಥದ್ದಲ್ಲ. ನಾನು ತಲೆ ತಗ್ಗಿಸಿ ಮನೆಗೆ ಬಂದು ಅತ್ತೆಗೆ ಹೇಳಿದೆ.

"ಯಾರು, ಆ ಜರಿ ಪೇಟದೋರಾ? ದಿನಾ ಸಂಜೆ ಗಾಳಿ ಬೀಸೋ ಕಡೇಗೇ ತಿರುಗಾಡೋಕೆ ಬರ್ತಾರೆ ಕಣೋ. ಮೂರು ದಿನದಿಂದ ನೋಡ್ತಿದೀನಿ. ನಿನ್ನೆ ನಾನೇ ಕೂಗಿ ಹೇಳ್ದೆ."

"ಏನಂತ?"

"ಇನ್ನೂ ಹತ್ರ ಬನ್ನಿ ಸ್ವಾಮಿ, ವಾಸನೆಗೆ ದುಡ್ಡಿಲ್ಲ ಅಂತ."

ಆಮೇಲೆ ಹೆಡ್ಮಾಷ್ಟ್ರು ಆ ಮಾತು ತೆಗೆಯಲಿಲ್ಲ. ತಿರುಗಾಡುವ ದಾರಿ ಬದಲಿಸಿದರೋ ಇಲ್ಲವೋ, ಅದನ್ನು ನಾನು ವಿಚಾರಿಸಲಿಲ್ಲ.

ಸುದ್ದಿ ಬೈರಕೂರಿಗೂ ಮುಟ್ಟಿತು. ಅತ್ತೆಯ ಮೈದುನ, ಎಂದರೆ ಸತ್ತವನ ತಮ್ಮ, ಇಬ್ಬರು ಹಿರಿಯರನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಬಂದು ಕುಳಿತ.

"ಅತ್ತಿಗೆ, ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ. ನೀನು ನೋಡಿದ್ರೆ ಸಾಬ್ರ ಅಂಗಡೀಲಿ, ಗಂಡಸ್ರ ಮಧ್ಯೆ ಕೂತು ಬಾಡು ತಿಂತೀಯಂತೆ. ಕುಲದೋರು ಬಾಯಿಗೆ ಬಂದಂಗೆ ಮಾತಾಡ್ತವ್ರೆ."

"ಯಾರ್ಯಾರು?"

"ಊರಿಗೂರೇ."

ನಾನು ತೆಲುಗಿಗೆ ಕಿವಿ ಗಟ್ಟಿಮಾಡಿಕೊಂಡು ನಿಂತೆ. ಆದರೆ ಅವಳು ಕನ್ನಡದಲ್ಲೇ, ಮೆಲ್ಲಗೆ ಹೇಳಿದಳು:

"ನಿಮ್ಮಣ್ಣನ ಹೆಣ ಎತ್ತೋಕೆ ನಾಲ್ಕು ಹೆಗಲು ಬೇಕಾಗಿತ್ತು. ತೋಪಿನ ಈ ತುದಿಯಿಂದ ಆ ತುದಿಗೆ ಕೂಗ್ದೆ. ಒಂದೂ ಬರ್ಲಿಲ್ಲ. ನಾನೇ ಎಳ್ದು ಗಾಡಿಗೆ ಹಾಕ್ದೆ. ನಾಲ್ಕು ದಿನಕ್ಕೆ ಮಗಳನ್ನೂ ನಾನೇ ಹಾಕ್ದೆ. ಅವಳು ಹಗುರಾಗಿದ್ಲು. ಹೆಗಲೇ ಸಿಗದ ಊರಲ್ಲಿ ನಾಲಿಗೆ ಮಾತ್ರ ಎಷ್ಟೊಂದ್ ಸಿಗ್ತವಲ್ಲಪ್ಪಾ!"

ಮೈದುನ ತನ್ನ ಕಾಲಿನ ಬೆರಳು ನೋಡಿಕೊಂಡು, "ಹೆದ್ರಿಕೆ ಆಗಿತ್ತು ಅತ್ತಿಗೆ" ಎಂದ.

"ಗೊತ್ತು ಕಣೋ" ಎಂದಳು ಅತ್ತೆ. "ಉಂಡ್ರಾ?"

ಉಂಡಿರಲಿಲ್ಲ. ಮೂವರ ಕೆನ್ನೆಗಳೂ ಒಳಗೆ ಹೋಗಿದ್ದವು. ಆ ವರ್ಷ ಯಾರ ಕೆನ್ನೆ ಹೊರಗಿತ್ತು ಹೇಳಿ? ಅತ್ತೆ ಸೆರಗು ಬಿಗಿದು ಮುಂದೆ ಹೊರಟಳು, ಮೂವರೂ ಹಿಂದೆ. ಸಾಬಿಯ ಅಂಗಡಿಯಲ್ಲಿ ಹಿರಿಯರಿಬ್ಬರು ಮೊದಲು ನಿಂತೇ ಇದ್ದರು, ಆಮೇಲೆ ಕೂತರು, ಆಮೇಲೆ ಹನ್ನೊಂದು ಕಡ್ಡಿ ಖಾಲಿ ಮಾಡಿದರು. ಹೊರಡುವಾಗ ಒಬ್ಬರು ಮೀಸೆ ಒರೆಸಿಕೊಳ್ಳುತ್ತ, "ಊರಲ್ಲಿ ಹೇಳ್ಬೇಡಮ್ಮ" ಎಂದರು.

"ನಾನ್ಯಾಕೆ ಹೇಳ್ಲಿ? ಆಡ್ಕೊಳ್ಳೋರೆಲ್ಲಾ ಇಲ್ಲೇ ಬಂದು ತಿಂದಾಯ್ತಲ್ಲ!"

ಮುಂದಿನ ಸುಗ್ಗಿ ಮುಗಿಯುವ ಹೊತ್ತಿಗೆ ಪ್ಲೇಗು ನಮ್ಮೂರ ಸುತ್ತಮುತ್ತಲೂ ಕಾಣಿಸಿಕೊಂಡಿತು. ಸರ್ಕಾರದವರು ಸೂಜಿ ಹಾಕಲು ಬಂದು ಸಂತೆ ಮಾಳದಲ್ಲಿ ಮೇಜು ಹಾಕಿ ಕುಳಿತರು. ಸ್ಕೂಲಿನ ಮೇಷ್ಟ್ರುಗಳಿಗೆ ಕಡ್ಡಾಯ, ನಾನು ಹಾಕಿಸಿಕೊಂಡೆ. ಉಳಿದ ಜನ ಮೇಜು ಕಂಡರೆ ಮೈಲಿ ದೂರ ಓಡುತ್ತಿದ್ದರು. ಸೂಜಿ ಹಾಕಿಸಿಕೊಂಡರೆ ಜ್ವರ ಬರುತ್ತದೆ, ಗಂಡಸುತನ ಹೋಗುತ್ತದೆ, ಯುದ್ಧಕ್ಕೆ ಹಿಡಿದುಕೊಂಡು ಹೋಗುತ್ತಾರೆ, ಏನೇನು ಸುದ್ದಿ!

ಅತ್ತೆ ಎಲ್ಲರಿಗಿಂತ ಮೊದಲು ಹೋಗಿ ತೋಳು ಒಡ್ಡಿದಳು. ಆಮೇಲೆ ಸಾಬಿಯ ಅಂಗಡಿಗೆ ಬಂದು ಕಾಯಿದೆ ಮಾಡಿದಳು: ಸೂಜಿ ಹಾಕಿಸಿಕೊಂಡ ತೋಳು ತೋರಿಸದವನಿಗೆ ಕಡ್ಡಿ ಇಲ್ಲ! ಗಾಡಿಯವರು ಗೋಗರೆದರು. ಒಬ್ಬನಂತೂ ಮುಳ್ಳಿನಿಂದ ತಾನೇ ಗೀರಿಕೊಂಡು ಬಂದ. ಅತ್ತೆ ಅವನ ತೋಳನ್ನು ಹಿಚುಕಿ ನೋಡಿ, "ಸಿಗ್ಗು ಲೇದಾ ನೀಕು?" ನಾಚಿಕೆಯಿಲ್ಲವೇ ಎಂದು ತೆಲುಗಿನಲ್ಲಿ ಅವನ ಮಾನ ಕಳೆದು ಅಟ್ಟಿದಳು. ಕೆಂಡದ ಮೇಲೆ ಈಲಿ ಚುರ್ ಎನ್ನುತ್ತಿರುವಾಗ ಎಷ್ಟು ಹೊತ್ತು ಹಟ ಮಾಡಿಯಾರು? ನಾಲ್ಕು ದಿನದಲ್ಲಿ ಗಾಡಿಯವರೆಲ್ಲ ತೋಳು ಊದಿಸಿಕೊಂಡು ಕೂತಿದ್ದರು. ಸೂಜಿ ಹಾಕುವವನೇ ಬಂದು ಕೈಮುಗಿದು, ಎರಡು ಕಡ್ಡಿ ತಿಂದು ಹೋದ.

ನಮ್ಮವರಲ್ಲಿ ತಪ್ಪಿಸಿಕೊಂಡವರು ಇಬ್ಬರು. ಒಬ್ಬಳು ನನ್ನ ಹೆಂಡತಿ. ಅತ್ತೆ ಮಾಡಿದ ಕಾಯಿದೆ ಎಂಬ ಒಂದೇ ಕಾರಣಕ್ಕೆ, "ನಾಳೆ ಹಾಕಿಸ್ಕೊಳ್ತೀನಿ" ಎಂದು ದಿನ ದೂಡಿದಳು. ಇನ್ನೊಬ್ಬ ಯಾರೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಇಲಿಗಳು ಬಿದ್ದವು. ಸ್ಕೂಲು ಮುಚ್ಚಿತು. ನಾವೂ ಬೈರಕೂರಿನ ರಸ್ತೆಯ ಒಂದು ಮಾವಿನ ತೋಪಿನಲ್ಲಿ ತೆಂಗಿನ ಗರಿಯ ತಟ್ಟಿ ಕಟ್ಟಿ ಗುಡಿಸಲು ಹಾಕಿಕೊಂಡೆವು. ಮೂರನೆಯ ದಿನ ನನ್ನ ಹೆಂಡತಿಗೆ ಜ್ವರ ಬಂತು. ನಾಲ್ಕನೆಯ ದಿನ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ತೋಳಿನಲ್ಲಿ ಸೂಜಿಯ ಗುರುತಿತ್ತು. ಆದರೂ ನಾನು ಗುಡಿಸಲಿನ ಬಾಗಿಲಿನಾಚೆಗೇ ನಿಂತುಬಿಟ್ಟೆ. ಕಾಲು ಒಳಗೆ ಹೋಗಲೊಲ್ಲದು. ಬೈರಕೂರಿನ ಮೈದುನನನ್ನು ಮನಸ್ಸಿನಲ್ಲಿ ಎಷ್ಟು ಹಳಿದಿದ್ದೆ! ಅತ್ತೆ ನನ್ನ ಮುಖ ನೋಡಿದಳು. ನಾನು ತೆಲುಗನ್ನು ಕಾದೆ. ಅದು ನನಗೆ ಸಲ್ಲಬೇಕಾದದ್ದೇ ಆಗಿತ್ತು.

"ನೀನು ಹೊರಗೇ ಇರಪ್ಪ" ಎಂದಳು. "ಸೌದೆ ತರೋರು ಒಬ್ರು ಬೇಕಲ್ಲ. ಈ ರೋಗ ನಂಗೆ ಹಳೇ ಪರಿಚಯ."

ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಯಾವನೋ ಗಾಡಿಯವನ ಬಾಯಲ್ಲಿ ಸುದ್ದಿ ಸಾಬಿಗೆ ಹೋಯಿತು. ಮಾರನೆಯ ಮಧ್ಯಾಹ್ನ ತೋಪಿನ ಅಂಚಿನಿಂದ, "ಬೈರಕೂರಮ್ಮಾ!" ಎಂಬ ಕೂಗು. ಒಂದು ಕೋಲಿಗೆ ಮಡಕೆ ತೂಗುಹಾಕಿಕೊಂಡು ನಿಂತಿದ್ದ. ಊರು ಖಾಲಿ, ಅವನ ಅಂಗಡಿಗೆ ಬರುವವರೇ ಇಲ್ಲ. ಮುಂದಿನ ಸಂತೆಗೆಂದು ಕಟ್ಟಿಕೊಂಡಿದ್ದ ಎರಡು ಮುದಿ ಮೇಕೆಗಳನ್ನು ಒಂದಾದಮೇಲೊಂದು ಕೊಯ್ದು ಕಲೀಜದ, ಎಂದರೆ ಈಲಿಯ, ರಸ ಕಾಯಿಸಿ ತರುತ್ತಿದ್ದ. ಮಡಕೆಯನ್ನು ಒಂದು ಬಂಡೆಯ ಮೇಲಿಟ್ಟು, ಹಿಂದಿನ ದಿನದ ಖಾಲಿ ಮಡಕೆ ಎತ್ತಿಕೊಂಡು, "ಹುಡುಗಿಗೆ ಹೆಂಗೈತಮ್ಮಾ?" ಎನ್ನುತ್ತಿದ್ದ.

"ಐದಾಳೆ ಕಣೋ. ಇವತ್ತು ರಸಕ್ಕೆ ಮೆಣಸು ಜಾಸ್ತಿ."

"ನಾಳೆ ಕಮ್ಮಿ ಮಾಡ್ತೀನಿ."

ನನ್ನ ಹೆಂಡತಿಗೆ ಅದರಲ್ಲಿ ಎರಡು ಚಮಚ ಇಳಿದರೆ ದೊಡ್ಡದು. ಬಾಯಿ ತೆರೆದು ಬೇಕೆಂದು ಒಮ್ಮೆಯೂ ಕೇಳಲಿಲ್ಲ. ಹೀಗೆ ಐದು ದಿನ. ಆರನೆಯ ದಿನ ಕೂಗು ಕೇಳಲಿಲ್ಲ. ಬಿಸಿಲು ವಾಲಿತು. ಅತ್ತೆ ಬಂಡೆಯ ಕಡೆ ನೋಡಿ, ನನ್ನ ಕಡೆ ನೋಡಿದಳು.

"ನಾನು ಹೋಗಿ ಬರ್ತೀನಿ ಅತ್ತೆ" ಎಂದೆ.

ಊರಿನ ಬೀದಿಗಳಲ್ಲಿ ನಾಯಿಯೂ ಇರಲಿಲ್ಲ. ಸಾಬಿ ಹುಣಸೆಮರದ ಕೆಳಗೆ ಗೋಣಿತಟ್ಟಿನ ಮೇಲೆ ಮಲಗಿದ್ದ. ಈ ಸಲ ನಾನು ದೂರ ನಿಲ್ಲಲಿಲ್ಲ, ಹತ್ತಿರ ಹೋಗಿ ಮುಟ್ಟಿದೆ. ಮೈ ತಣ್ಣಗಾಗಿತ್ತು. ಕಂಕುಳಲ್ಲಿ ಗಡ್ಡೆ. ಅವನ ಜನ ಕೆರೆಯಾಚೆ ಗುಡಿಸಲು ಹಾಕಿಕೊಂಡಿದ್ದರು, ಓಡಿಹೋಗಿ ಹೇಳಿದೆ. ನಾಲ್ವರು ಬಂದು ಎತ್ತಿದರು, ಮಣ್ಣು ಮಾಡಿದರು. ನಾನು ಯಾಕೋ ತೋಡಿನ ಪಕ್ಕ ಬಿದ್ದಿದ್ದ ಕಡ್ಡಿಗಳನ್ನು ಆರಿಸಿಕೊಂಡು, ಹೊತ್ತು ಮುಳುಗುವ ಮುಂಚೆ ತೋಪಿಗೆ ಬಂದೆ.

ಅತ್ತೆ ಗುಡಿಸಲಿನ ಹೊರಗೆ ಆರಿದ ಒಲೆಯ ಮುಂದೆ ಕೂತಿದ್ದಳು. ಹೇಳಿದೆ.

"ತೋಳು ನೋಡ್ದ್ಯಾ?"

"ನೋಡ್ದೆ ಅತ್ತೆ. ಸೂಜಿ ಗುರುತು ಇರ್ಲಿಲ್ಲ."

"ಊರಿನೋರ ತೋಳೆಲ್ಲಾ ನೋಡ್ದೆ" ಎಂದಳು. "ಅವನ್ದು ನೋಡ್ಲಿಲ್ಲ."

ಅಷ್ಟೇ. ಸೌದೆ ಮುಂದಿತ್ತು, ಮುಟ್ಟಲಿಲ್ಲ. ಹಿಂದೆ ನಮ್ಮ ಮನೆಗೆ ಬಂದ ಹೊಸದರಲ್ಲಿ ಹೇಗೆ ಗೋಡೆ ನೋಡುತ್ತ ಕೂರುತ್ತಿದ್ದಳೋ ಹಾಗೆಯೇ ಕೂತಳು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಳಗೊಬ್ಬಳು, ಹೊರಗೊಬ್ಬಳು, ನಡುವೆ ಸೈಕಲ್ ಕಡ್ಡಿ ಹಿಡಿದು ನಾನು.

ಆಗ ಗುಡಿಸಲಿನೊಳಗಿಂದ ಧ್ವನಿ ಬಂತು. ಸಣ್ಣಗೆ, ಒಣಗಿದ ಧ್ವನಿ.

"ಅತ್ತೆಮ್ಮಾ... ಹಸಿವಾಗ್ತಿದೆ. ಸಾಬ್ರು ಇವತ್ತೇನು ಕಳ್ಸಿದಾರೆ?"

ಜ್ವರ ಬಂದಂದಿನಿಂದ ಅವಳು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು. ಅತ್ತೆ ತಲೆ ಎತ್ತಿದಳು. ನೆಲಕ್ಕೆ ಕೈಯೂರಿ ಎದ್ದಳು.

"ಕಡ್ಡಿ ಕಳ್ಸಿದಾನೆ ಕಣೇ! ಆರೋಗಿದೆ, ಬಿಸಿ ಮಾಡ್ಕೊಡ್ತೀನಿ ಇರು."

ಇದ್ದದ್ದು ಎರಡು ಗೆಣಸು. ಅದನ್ನೇ ಹೆಚ್ಚಿ, ಉಪ್ಪು ಖಾರ ಸವರಿ, ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡು ಪೋಣಿಸಿದಳು. ಒಲೆ ಹೊತ್ತಿತು. ಸುಟ್ಟು ಒಳಗೆ ಒಯ್ದಳು. ನಾನೂ ಹಿಂದೆಯೇ ಒಳಗೆ ಹೋದೆ. ಹೋದೆನೆಂಬುದು ಆಮೇಲೆ ಗೊತ್ತಾಯಿತು.

"ಈಲಿ ಯಾಕೋ ಸಿಹಿಯಾಗಿದೆ ಅತ್ತೆಮ್ಮ."

"ಮುದಿ ಮೇಕೆ ಕಣೇ. ಸಾಯೋಕೆ ಮುಂಚೆ ಕಬ್ಬಿನ ಗದ್ದೆಗೆ ನುಗ್ಗಿತ್ತಂತೆ."

"ಸಾಬ್ರು ಹೇಳಿದ್ರಾ?"

"ಹೂಂ. ತಿನ್ನು."

ಮಾರನೆಯ ದಿನ ಮತ್ತೆ ಕೇಳಿದಳು. ಅಂದು ಬದನೆಕಾಯಿ ಗುಂಡಿಗೆಯಾಯಿತು. "ಗುಂಡಿಗೇಲಿ ಬೀಜ ಇದಾವಲ್ಲ ಅತ್ತೆಮ್ಮ" ಎಂದರೆ, "ಬಲೇ ಗಟ್ಟಿ ಗುಂಡಿಗೆ ಮೇಕೆ ಅದು" ಎಂದಳು. ಮತ್ತೊಂದು ದಿನ ಬಾಳೆಕಾಯಿ ಕೆಚ್ಚಲಾಯಿತು. ರೋಗಿಯ ನಾಲಿಗೆ ಕೆಟ್ಟುಹೋಗಿದೆ, ಸದ್ಯ, ಎಂದು ನಾನು ಸಮಾಧಾನಪಟ್ಟುಕೊಂಡೆ. ದಿನವೂ ಮಧ್ಯಾಹ್ನ ಅವಳು ಕೇಳುವಳು, ದಿನವೂ ಅತ್ತೆ ತೋಪೆಲ್ಲ ತಿರುಗಿ ಏನನ್ನಾದರೂ ತಂದು ಸುಡುವಳು. ಗಡ್ಡೆ ಒಡೆದು ಜ್ವರ ಇಳಿಯಿತು. ನನ್ನ ಹೆಂಡತಿ ಎದ್ದು ಕುಳಿತು, ಮರದ ಬುಡದವರೆಗೆ ನಡೆದ ದಿನ, ಅತ್ತೆ ಅವಳ ಪಕ್ಕ ಕೂತು, "ಸಾಬಿ ಹೋಗ್ಬಿಟ್ನಂತೆ ಕಣೇ, ನೆನ್ನೆ" ಎಂದಳು. ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡಳು.

ಅತ್ತೆ ಆಮೇಲೂ ಬಹಳ ವರ್ಷ ನಮ್ಮ ಮನೆಯಲ್ಲೇ ಇದ್ದಳು. ಯುದ್ಧ ಮುಗಿಯಿತು, ಚೀಟಿ ಅಕ್ಕಿ ಮುಗಿಯಲಿಲ್ಲ. ಅವಳ ಬೈಗುಳವೂ ಮುಗಿಯಲಿಲ್ಲ. ಒಂದು ಬೆಳಿಗ್ಗೆ, ಮಜ್ಜಿಗೆ ಹುಳಿಯೆಂದು ನನ್ನ ಹೆಂಡತಿಯನ್ನು ತೆಲುಗಿನಲ್ಲಿ ಬೈದು, ಬಿಸಿಲಿಗೆ ಕೂತವಳು ಹಾಗೆಯೇ ಗೋಡೆಗೊರಗಿ ಹೋದಳು. ಅವಳ ತಿಥಿ ಮುಗಿದ ಮಧ್ಯಾಹ್ನ, ನೆಂಟರೆಲ್ಲ ಹೊರಟುಹೋದಮೇಲೆ, ನನ್ನ ಹೆಂಡತಿ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದಳು:

"ಸಾಬ್ರು ಹೋಗಿದ್ದು ನಂಗೆ ಅವತ್ತೇ ಗೊತ್ತಿತ್ತು ಕಣ್ರೀ."

"ಯಾವತ್ತು?"

"ನೀವು ಊರಿಂದ ಬಂದು ಅತ್ತೆಮ್ಮನಿಗೆ ಹೇಳಿದ್ರಲ್ಲ, ಆಗ್ಲೇ. ಗರಿ ತಟ್ಟಿ ಅಲ್ವಾ, ಎಲ್ಲಾ ಕೇಳಿಸ್ತು."

"ಮತ್ತೆ ಹಸಿವು ಅಂತ ಕೇಳಿದ್ದು?"

"ಹಸಿವು ಎಲ್ಲಿ ಬಂತು! ನೀರು ಇಳಿಯೋದೂ ಕಷ್ಟ ಆಗಿತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರು ಹೊರಗೆ ಕೂತಿದ್ರು. ಎಷ್ಟು ಹೊತ್ತಾದ್ರೂ ಒಲೆ ಹಚ್ಚೋ ಸದ್ದೇ ಇಲ್ಲ. ನಾನು ಕೇಳದೆ ಹೋಗಿದ್ರೆ ಅವರು ಅಲ್ಲಿಂದ ಏಳ್ತಿರ್ಲಿಲ್ಲ."